ಮಾವನ ಡಿಕ್ಕಿಯೊಳಗೊಂದು ರೈಸ್ ಮಿಲ್ಲು

ನಮ್ಮ ಮಾವನಂಥ ಸತ್ಯವಂತ ಈ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬನಿಲ್ಲ. ಆದ್ದರಿಂದಲೇ ಅವನ ಮಾತನ್ನು ಯಾರೂ ನಂಬುವುದಿಲ್ಲ! ಸುಳ್ಳು ಹೇಳುವವರನ್ನು ನೋಡಿ, ಎಷ್ಟು ಅಚ್ಚುಕಟ್ಟು! ಮೊದಲು ಹೀಗಾಯಿತು, ಆಮೇಲೆ ಹಾಗಾಯಿತು ಎಂದು ಮನೆಯಲ್ಲೇ ಜೋಡಿಸಿಕೊಂಡು ಬಂದಿರುತ್ತಾರೆ. ನಮ್ಮ ಮಾವನಿಗೆ ಆ ತಾಳ್ಮೆ ಇಲ್ಲ. ಅವನು ಯಾವ ಕಥೆಯನ್ನಾದರೂ ಬಾಲ ಹಿಡಿದು ದರದರ ಎಳೆದು ತಂದು ನಮ್ಮ ಮುಂದೆ ಕೆಡವುತ್ತಾನೆ. ತಲೆ ಎಲ್ಲಿದೆ ಎಂದು ಕೇಳಿದವರೇ ಹುಡುಕಿಕೊಳ್ಳಬೇಕು.

ಒಂದು ದಿನ ರೆಡ್‌ವುಡ್ ಸಿಟಿಯ ನನ್ನ ಆಫೀಸಿಗೆ ಫೋನು ಮಾಡಿದ. "ಗಾಬರಿ ಆಗ್ಬೇಡ ಕಣವ್ವ, ಆಂಬುಲೆನ್ಸ್‌ನೋರು ವಾಪಸ್ ಹೋದ್ರು" ಎಂದ. ಇಷ್ಟು ಕೇಳಿದ ಮೇಲೆ ಗಾಬರಿಯಾಗದೆ ಇರಲು ನಾನೇನು ಕಲ್ಲೇ? ಮೀಟಿಂಗನ್ನು ಅಲ್ಲಿಗೇ ಬಿಟ್ಟು, ಸೇತುವೆ ದಾಟಿ, ಯೂನಿಯನ್ ಸಿಟಿಯ ಅವನ ಮನೆ ಬಾಗಿಲಿಗೆ ಬಂದು ನಿಂತರೆ, ಮಾವ ಹಾಯಾಗಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾನೆ! ಪಕ್ಕದ ಬೀದಿಗೆ ಹೋಗಬೇಕಾಗಿದ್ದ ಆಂಬುಲೆನ್ಸಿನವರು ಇವನಲ್ಲಿ ದಾರಿ ಕೇಳಿದ್ದರಂತೆ. "ಮತ್ತೆ ನಂಗ್ಯಾಕೆ ಫೋನ್ ಮಾಡ್ದೆ?" ಎಂದು ಅರಚಿದೆ. "ಅವರ ಸೈರನ್ನು ಏನ್ ಚೆನ್ನಾಗಿತ್ತು ಗೊತ್ತಾ! ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು" ಎಂದ.

ಈ ಮಾವ ಅಮ್ಮನ ಒಬ್ಬನೇ ತಮ್ಮ. ಮಂಡ್ಯದ ಕಡೆಯವರಲ್ಲಿ ತಮ್ಮ ಎಂದರೆ ಅಕ್ಕನ ಮೊದಲ ಮಗ ಎಂದೇ ಲೆಕ್ಕ. ಅಂಥ ತಮ್ಮನ ಜೊತೆ ನನ್ನ ಅಮ್ಮ ಮಾತು ಬಿಟ್ಟು ಹತ್ತು ವರ್ಷಕ್ಕೂ ಮೇಲಾಗಿತ್ತು. ನಮ್ಮ ತಾತ ತೀರಿಕೊಂಡಾಗ ಮಾವ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಟ್ಟೆ ಮಿಲ್ಲಿನ ಯಂತ್ರಗಳ ಟ್ರೈನಿಂಗಿನಲ್ಲಿದ್ದ. ರಜೆ ಸಿಗಲಿಲ್ಲ. ಅಪ್ಪನ ಮಣ್ಣಿಗೆ ಬರಲಿಲ್ಲ, ತಿಥಿಗೂ ಬರಲಿಲ್ಲ. ಅಲ್ಲಿಂದ ಮುಂದೆ ಅಮ್ಮ ಅವನ ಫೋನು ಬಂದರೆ ರಿಸೀವರನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಮಾವ ಮಾತ್ರ ಪ್ರತಿ ಸಲವೂ "ಅಕ್ಕ ಉಂಡ್ಲಾ?" ಎಂದು ಕೇಳಿಯೇ ಫೋನು ಇಡುತ್ತಿದ್ದ. ಅವನಿಗೆ ಮದುವೆಯೂ ಆಗಲಿಲ್ಲ. ಯಾಕೆ ಮಾವ ಎಂದರೆ, "ಹೆಣ್ಣು ನೋಡೋದು ಅಕ್ಕನ ಕೆಲ್ಸ ಅಲ್ವಾ? ಅವಳು ಮಾತಾಡ್ಲಿ, ಆಯ್ತೀನಿ" ಎನ್ನುತ್ತಿದ್ದ. ಇಡೀ ಬೇ ಏರಿಯಾದಲ್ಲಿ ಅಕ್ಕನ ಮಾತಿಗಾಗಿ ತಲೆ ನರೆಸಿಕೊಂಡು ಕೂತ ವರ ಇವನೊಬ್ಬನೇ ಇರಬೇಕು.

ಇರಲಿ, ಈಗ ಮುಖ್ಯವಾದ ಹುಚ್ಚಿಗೆ ಬರುತ್ತೇನೆ. ನಮ್ಮ ಮಾವನಿಗೆ ಆಸಿಡ್ ಹೌಸ್ ಎಂಬ ಸಂಗೀತದ ಹುಚ್ಚು. ಹೆಸರು ಕೇಳಿ ಬಚ್ಚಲು ತೊಳೆಯುವ ಔಷಧಿ ಇರಬೇಕು ಎಂದುಕೊಳ್ಳಬೇಡಿ. ನಾನು ಮೊದಲು ಹಾಗೇ ಅಂದುಕೊಂಡಿದ್ದೆ. ಅದನ್ನು ಕೇಳದೆ ಉಳಿದ ಪುಣ್ಯವಂತರಿಗಾಗಿ ಹೇಳುವುದಾದರೆ, ಅದರಲ್ಲಿ ಸಾಹಿತ್ಯವಿಲ್ಲ. ರಾಗ ಹುಡುಕಿದರೆ ಸಿಗುವುದಿಲ್ಲ. ಧಪ್ ಧಪ್ ಧಪ್ ಧಪ್ ಎಂದು ನಿಲ್ಲದೆ ಕುಟ್ಟುವ ಒಂದು ಸದ್ದು, ಅದರ ಮೇಲೆ ಆಗಾಗ ಕೂಂಯ್‌ಯ್ ಎಂದು ಹೊಟ್ಟೆ ತೊಳಸುವ ಹಾಗೆ ಏರಿ ಇಳಿಯುವ ಇನ್ನೊಂದು ಸದ್ದು. ಮುಗಿಯಿತು. ನನ್ನ ಗಂಡ ಬೆಂಗಳೂರಿನವನು, ಪಾಲೋ ಆಲ್ಟೋದಲ್ಲಿ ಸಾಫ್ಟ್‌ವೇರ್ ಬರೆಯುವವನು. ಮೊದಲ ಸಲ ಕೇಳಿದಾಗ ತುಂಬ ಮರ್ಯಾದೆಯಿಂದ, "ಮಾವ, ಇದು ಹ್ಯಾಂಗ್ ಆಗಿದೆ ಅನ್ಸತ್ತೆ, ರೀಸ್ಟಾರ್ಟ್ ಮಾಡ್ಲಾ?" ಎಂದು ಕೇಳಿದ್ದ.

ಈ ಹುಚ್ಚು ಹಿಡಿದದ್ದು ಹೇಗೆ? ಮಾವ ಆ ಕಥೆಯನ್ನು ಶುರುಮಾಡಿದ್ದು ಹೀಗೆ: "ಒಂದಿನ ಊರಿಗೂರೇ ಬಂದು ನನ್ನ ತಬ್ಕಂತು ಕಣವ್ವ!" ಇದು ಬಾಲ. ತಲೆಯನ್ನು ನಾವು ಒಂದು ಸಂಜೆಯೆಲ್ಲ ಕೂತು ಹುಡುಕಿದೆವು. ಸಿಕ್ಕಷ್ಟನ್ನು ನೆಟ್ಟಗೆ ಮಾಡಿ ಇಲ್ಲಿ ಇಡುತ್ತೇನೆ.

ಅದಕ್ಕೆ ಮುಂಚೆ ತಾತನ ಮಿಲ್ಲಿನ ವಿಷಯ ಹೇಳಬೇಕು. ಮಂಡ್ಯದ ಹತ್ತಿರದ ಊರೊಂದರಲ್ಲಿ ತಾತನ ರೈಸ್ ಮಿಲ್ಲಿತ್ತು. ಮಿಲ್ಲಿಗೂ ಮನೆಗೂ ನಡುವೆ ಒಂದೇ ಗೋಡೆ. ಇಂಜಿನ್ನು ಶುರುವಾಯಿತೆಂದರೆ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ತಾವಾಗಿಯೇ ನಡೆದು ಅಂಚಿಗೆ ಬರುತ್ತಿದ್ದವು. ಉದ್ದದ ಬೆಲ್ಟಿಗೆ ಒಂದು ಹೊಲಿಗೆ ಇರುತ್ತಿತ್ತಲ್ಲ, ಅದು ಚಕ್ರದ ಮೇಲೆ ಹಾಯುವಾಗಲೆಲ್ಲ ಧಪ್ ಎನ್ನುತ್ತಿತ್ತು. ಬತ್ತ ಮುಗಿಯುವವರೆಗೂ ಧಪ್ ಧಪ್ ಧಪ್. ಬೆಲ್ಟು ಒಣಗಿ ಜಾರತೊಡಗಿದರೆ ಕೂಂಯ್ ಎಂದು ಊಳಿಡುತ್ತಿತ್ತು. ಆಗ ತಾತ ಊಟಕ್ಕೆ ಕೂತಿರಲಿ, ಕ್ಷೌರಕ್ಕೆ ಕೂತಿರಲಿ, ಅಲ್ಲಿಂದಲೇ "ರಾಳ ಹಾಕ್ರಲಾ!" ಎಂದು ಕೂಗುತ್ತಿದ್ದರು. ರಾಳದ ಪುಡಿ ಎರಚಿದರೆ ಬೆಲ್ಟು ಗಕ್ಕನೆ ಹಿಡಿದುಕೊಂಡು ಊಳಿಡುವುದು ನಿಲ್ಲುತ್ತಿತ್ತು. ರಾಳದ ಡಬ್ಬ ಹಿಡಿದು ಓಡುತ್ತಿದ್ದವಳು ಅಮ್ಮ. ಅವಳ ಲಂಗದ ಚುಂಗು ಹಿಡಿದು ಹಿಂದೆ ಹಿಂದೆ ಓಡುತ್ತಿದ್ದವನು ಮಾವ. ಅಕ್ಕ ತಮ್ಮ ಇಬ್ಬರೂ ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಆ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವರು. ಮಿಲ್ಲು ನಿಂತರೆ ಎಚ್ಚರವಾಗುತ್ತಿತ್ತಂತೆ!

ಈಗ ಮ್ಯಾಂಚೆಸ್ಟರಿಗೆ ಹೋಗೋಣ. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಒಂದು ಭಾನುವಾರ ಬೆಳಗ್ಗೆ ಮಾವ ಹಾಲು ತರಲು ಹೊರಟ. ಗಾಜಿನ ಬಾಟಲಿಯಲ್ಲಿ ಹಾಲು ಕೊಂಡು ಕಾಲುವೆ ಪಕ್ಕದ ದಾರಿಯಲ್ಲಿ ಬರುತ್ತಿದ್ದಾಗ ಒಂದು ಹಳೇ ಗೋಡೌನಿನ ಒಳಗಿನಿಂದ ಕೇಳಿಸಿತು: ಧಪ್ ಧಪ್ ಧಪ್ ಧಪ್. ಮಾವ ನಿಂತ. ನೆಲ ಅದುರುತ್ತಿತ್ತು. ಸ್ವಲ್ಪ ಹೊತ್ತಿಗೆ ಕೂಂಯ್ ಎಂದಿತು.

"ಯಾರೋ ನಮ್ಮೋರು ಇಲ್ಲಿ ಬಂದು ರೈಸ್ ಮಿಲ್ ಹಾಕವ್ರೆ ಅನ್ಕಂಡೆ ಕಣವ್ವ. ಬೆಲ್ಟು ಬೇರೆ ಜಾರ್ತಾ ಅದೆ. ಸುಮ್ನೆ ಹೋಗಕ್ಕಾಯ್ತದಾ?"

ಇಂಗ್ಲೆಂಡಿನಲ್ಲಿ ಬತ್ತ ಎಲ್ಲಿ ಬೆಳೆಯುತ್ತಾರೆ ಎಂಬ ಪ್ರಶ್ನೆ ಮಂಡ್ಯದವನ ತಲೆಗೆ ಬರಲೇ ಇಲ್ಲ! ಬಾಗಿಲಲ್ಲಿದ್ದ ಧಡಿಯ ಇವನನ್ನೂ ಇವನ ಸ್ವೆಟರನ್ನೂ ಹಾಲಿನ ಬಾಟಲಿಯನ್ನೂ ನೋಡಿ, ಏನೂ ತೋಚದೆ ಒಳಗೆ ಬಿಟ್ಟ. ಒಳಗೆ ಬತ್ತದ ಹೊಟ್ಟು ಬಿಡಿಸುವ ಹಲ್ಲರ್ ಇಲ್ಲ, ಮೂಟೆ ಇಲ್ಲ, ತೌಡಿನ ವಾಸನೆ ಇಲ್ಲ. ಹಿಂದಿನ ದಿನದಿಂದ ಕುಣಿಯುತ್ತಲೇ ಇದ್ದ ಹುಡುಗ ಹುಡುಗಿಯರು ತುಂಬಿಹೋಗಿದ್ದರು. ಎಲ್ಲರ ಅಂಗಿಯ ಮೇಲೂ ನಗುವ ಹಳದಿ ಮುಖದ ಬಿಲ್ಲೆ. ಒಬ್ಬ ಹುಡುಗ ಇವನ ಕೈಗೆ ಒಂದು ಮಾತ್ರೆ ಇಟ್ಟನಂತೆ. ಮಾವ ಅದನ್ನು ವಾಪಸು ಕೊಟ್ಟು, "ನಂಗೆ ತಲೆನೋವಿಲ್ಲ, ನಿಂಗೇ ಬೇಕಾಗ್ಬಹುದು ಮಡಿಕೋ" ಎಂದನಂತೆ. ಆಮೇಲೆ ಸೀದಾ ಮೂಲೆಯಲ್ಲಿ ರೆಕಾರ್ಡು ಹಾಕುತ್ತಿದ್ದ ಹುಡುಗನ ಹತ್ತಿರ ಹೋಗಿ, ಬೆಲ್ಟು ಜಾರುತ್ತಿದೆ, ಸ್ವಲ್ಪ ರಾಳ ಹಾಕಿ ಎಂದು ಅವನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಕೂಗಿದ. ಆ ಹುಡುಗ ಹೆಬ್ಬೆರಳು ಎತ್ತಿ ತೋರಿಸಿ ಕೂಂಯ್ ಅನ್ನು ಇನ್ನಷ್ಟು ಜೋರು ಮಾಡಿದ!

"ಆಮೇಲೆ?"

"ಆಮೇಲೆ ಇನ್ನೇನು, ಕುಣಿದೆ."

"ನೀನಾ? ಏನು ಕುಣಿದೆ?"

"ನಂಗೆ ಬರೋದು ಒಂದೇ ಅಲ್ವಾ, ಪೂಜಾ ಕುಣಿತ."

ತಲೆಯ ಮೇಲೆ ಹೊತ್ತು ಕುಣಿಯುವ ಪೂಜೆಯ ಬಿದಿರ ಚೌಕಟ್ಟು ಇಲ್ಲದ ಕಾರಣ ಹಾಲಿನ ಬಾಟಲಿಯನ್ನೇ ತಲೆಯ ಮೇಲಿಟ್ಟುಕೊಂಡು, ಕೈ ಬಿಟ್ಟು, ನಮ್ಮೂರಿನ ಹೆಜ್ಜೆ ಹಾಕಿದನಂತೆ. ಸುತ್ತಲಿನ ಜನ ದಾರಿ ಬಿಟ್ಟು, ವೃತ್ತ ಕಟ್ಟಿ, ತಾವೂ ತಲೆಯ ಮೇಲೆ ಬೂಟು, ಟೋಪಿ, ಸಿಕ್ಕಿದ್ದನ್ನೆಲ್ಲ ಇಟ್ಟುಕೊಂಡು ಕುಣಿದರಂತೆ. ಕೊನೆಗೆ ಒಬ್ಬೊಬ್ಬರಾಗಿ ಬಂದು ತಬ್ಬಿಕೊಂಡರಂತೆ. "ಆ ದೇಶಕ್ಕೆ ಹೋದಾಗಿಂದ ನನ್ನ ಯಾರೂ ಮುಟ್ಟೇ ಇರ್ಲಿಲ್ಲ ಕಣವ್ವ" ಎಂದ ಮಾವ. ನಾವು ನಕ್ಕು ನಕ್ಕು ಸಾಕಾಗಿದ್ದೆವು, ಆ ಮಾತು ನಮ್ಮ ನಗುವಿನಲ್ಲೇ ಕೊಚ್ಚಿಹೋಯಿತು.

"ಹಾಲು ಏನಾಯ್ತು ಮಾವ?" ಎಂದು ನನ್ನ ಗಂಡ ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ನೆಲಕ್ಕೆ ಹೋಯ್ತು" ಎಂದು ಮಾವ ಎದ್ದು ಕೈ ತೊಳೆಯಲು ಹೋದ. ಅಷ್ಟು ಕುಣಿದರೆ ಬಾಟಲಿ ತಲೆಯ ಮೇಲೆ ನಿಲ್ಲುತ್ತದೆಯೇ? ನಾವು ಇನ್ನೊಮ್ಮೆ ನಕ್ಕೆವು.

ಅಮೆರಿಕಕ್ಕೆ ಬಂದು ಬಟ್ಟೆ ಯಂತ್ರ ಬಿಟ್ಟು ಕಂಪ್ಯೂಟರ್ ಕಲಿತ ಮೇಲೂ ಈ ಹುಚ್ಚು ಬಿಡಲಿಲ್ಲ. ಡಾಟ್ ಕಾಮ್ ಭರಾಟೆಯ ಕಾಲ. ನಮ್ಮವರೆಲ್ಲ ಒಬ್ಬರ ಹಿಂದೊಬ್ಬರು ಮನೆ ಕೊಳ್ಳುತ್ತಿದ್ದರು. ವಾರಕ್ಕೊಂದು ಗೃಹಪ್ರವೇಶ. ಅಂಥದ್ದೊಂದರಲ್ಲಿ, ಮಂಗಳವಾದ್ಯದ ಕ್ಯಾಸೆಟ್ ಹಾಕುವ ಕೆಲಸವನ್ನು ಯಾರೋ ಪುಣ್ಯಾತ್ಮರು ಮಾವನಿಗೆ ವಹಿಸಿದರು! ನಾದಸ್ವರ ಮುಗಿದು ಕ್ಯಾಸೆಟ್ ತಿರುಗಿಸಬೇಕಾದಲ್ಲಿ ಮಾವ ತನ್ನದನ್ನು ಹಾಕಿಬಿಟ್ಟ. ಧಪ್ ಧಪ್ ಶುರುವಾಯಿತು. ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಶನಿವಾರ ಭಾನುವಾರ ಪುರೋಹಿತರಾಗುವ ನಮ್ಮ ಭಟ್ಟರು ಒಂದು ಕ್ಷಣ ಕಣ್ಣುಬಿಟ್ಟು ನೋಡಿದರು. ಆದರೆ ಮಂತ್ರ ನಿಲ್ಲಿಸುವ ಹಾಗಿಲ್ಲವಲ್ಲ! ಅವರಿಗೇ ತಿಳಿಯದಂತೆ ಮಂತ್ರ ಆ ಲಯಕ್ಕೆ ಬಿತ್ತು. ಸ್ವಾಹಾ ಧಪ್, ಸ್ವಾಹಾ ಧಪ್! ಹೋಮ ಎಂದೂ ಮುಗಿಯದಷ್ಟು ಬೇಗ ಮುಗಿದು, ಯಾವಾಗಲೂ ಆರಿರುತ್ತಿದ್ದ ಹೋಳಿಗೆ ಅಂದು ಬಿಸಿಬಿಸಿ ಸಿಕ್ಕಿತು. ಮನೆಯೊಡೆಯ ಸಿಟ್ಟಾದ. ಭಟ್ಟರು ಮಾತ್ರ ಹೊರಡುವಾಗ ಮಾವನನ್ನು ಪಕ್ಕಕ್ಕೆ ಕರೆದು, "ಅದರದೊಂದು ಕಾಪಿ ಸಿಗತ್ತಾ? ಮುಂದಿನ ವಾರ ಎರಡು ಕಡೆ ಒಪ್ಕೊಂಡಿದೀನಿ" ಎಂದು ಪಿಸುಗುಟ್ಟಿದರು.

ಆಫೀಸಿನಲ್ಲಂತೂ ಅವನಿಗೆ ದೊಡ್ಡ ಗೌರವ. ಅವನಿದ್ದದ್ದು ಒಂದು ಡಾಟ್ ಕಾಮ್ ಕಂಪನಿಯಲ್ಲಿ. ಏನು ಮಾರುತ್ತಾರೆ ಎಂದು ಕೇಳಿದರೆ, "ಇನ್ನೂ ಡಿಸೈಡ್ ಮಾಡಿಲ್ಲ" ಎನ್ನುತ್ತಿದ್ದ. ಅಲ್ಲಿನ ಹುಡುಗರಿಗೆ ಕೂದಲಿಗೆ ನೀಲಿ ಬಣ್ಣ, ಮೂಗಿಗೆ ರಿಂಗು. ಅವರೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಗೋಡೌನುಗಳಲ್ಲಿ ಇದೇ ಧಪ್ ಧಪ್‌ಗೆ ಕುಣಿಯುವವರು. ಹಣೆಗೆ ಕುಂಕುಮ ಇಟ್ಟುಕೊಂಡು ಡಬ್ಬಿಯಲ್ಲಿ ಮೊಸರನ್ನ ತರುವ ಈ ಮನುಷ್ಯ ಈ ಹುಚ್ಚು ಹಬ್ಬಿದ ಆ ಕಾಲದಲ್ಲಿ, ಮ್ಯಾಂಚೆಸ್ಟರಿನ ಆ ಗೋಡೌನಿನೊಳಗೆ ಸ್ವತಃ ಇದ್ದವನು ಎಂದು ಗೊತ್ತಾದದ್ದೇ ತಡ, ನಮ್ಮ ಕಡೆ ಸ್ವಾತಂತ್ರ್ಯ ಹೋರಾಟಗಾರರನ್ನು ನೋಡುತ್ತಾರಲ್ಲ, ಹಾಗೆ ನೋಡತೊಡಗಿದರು. ಒಬ್ಬ ಹುಡುಗಿ ಬಂದು ಅವನ ಕೈ ಮುಟ್ಟಿ ಹೋದಳಂತೆ.

ಆ ಕಂಪನಿ ಏನು ಮಾರಬೇಕೆಂದು ನಿರ್ಧರಿಸುವ ಮೊದಲೇ ಮುಚ್ಚಿಹೋಯಿತು. ಕೊನೆಯ ದಿನ, ಇಷ್ಟವಾದದ್ದನ್ನು ತೆಗೆದುಕೊಂಡು ಹೋಗಿ ಎಂದರು. ಬುದ್ಧಿವಂತರು ಒಳ್ಳೊಳ್ಳೆಯ ಕುರ್ಚಿ ಹೊತ್ತರು, ಮಾನಿಟರ್ ಹೊತ್ತರು. ನಮ್ಮ ಮಾವ ಪಾರ್ಟಿಗೆಂದು ಇಟ್ಟಿದ್ದ ದೊಡ್ಡ ಸ್ಪೀಕರುಗಳನ್ನು ತಬ್ಬಿಕೊಂಡು ಬಂದು ತನ್ನ ಹಳೇ ಕಾರಿನ ಡಿಕ್ಕಿಯಲ್ಲಿ ಕೂರಿಸಿದ. ಅಲ್ಲಿಂದ ಮುಂದೆ ಅವನು ಬರುವುದು ನಮಗೆ ಬೀದಿಯ ಆ ತುದಿಯಿಂದಲೇ ತಿಳಿಯುತ್ತಿತ್ತು. ನಮ್ಮ ಮನೆಯ ಲೋಟಗಳೂ ನಡೆಯತೊಡಗಿದವು! ಫ್ರೀವೇಯಲ್ಲಿ ಒಮ್ಮೆ ಪೊಲೀಸಿನವನು ಅಡ್ಡಗಟ್ಟಿ, ಕಿಟಕಿಯಲ್ಲಿ ಬಗ್ಗಿ ನೋಡಿ, ನರೆತ ಮೀಸೆಯನ್ನೂ ಕುಂಕುಮವನ್ನೂ ಕಂಡು ಗಲಿಬಿಲಿಯಾಗಿ, "ಇದು ನಿಮ್ಮ ಮಗನ ಕಾರಾ ಸರ್?" ಎಂದು ಕೇಳಿದ. ಸತ್ಯವಂತನಾದ ಮಾವ ಎಂದಿನಂತೆ ಕೊನೆಯಿಂದ ಶುರುಮಾಡಿದ: "ಅಕ್ಕ ಇನ್ನೂ ಮಾತಾಡಿಲ್ಲ ಸರ್, ಅದಕ್ಕೇ ಮದ್ವೆ ಆಗಿಲ್ಲ." ಪೊಲೀಸಿನವನು ಟಿಕೆಟ್ಟು ಬರೆಯುವುದನ್ನು ಮರೆತು ಕೈಬೀಸಿ ಕಳಿಸಿದ.

ಹೀಗಿರುವಾಗ ನನಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅಮ್ಮ ಬಂದಳು.

ವಿಮಾನ ನಿಲ್ದಾಣಕ್ಕೆ ನಾನೂ ಬರಲೇ ಎಂದು ಮಾವ ಕೇಳಲಿಲ್ಲ. ಅಮ್ಮ ಬಂದವಳೇ ಸೂಟ್‌ಕೇಸ್ ಬಿಚ್ಚುವ ಮೊದಲು ಹೇಳಿದಳು: "ಅವ್ನು ಈ ಹೊಸ್ಲು ದಾಟಿದ ದಿನ ನಾನು ಬ್ಯಾಗ್ ಕಟ್ತೀನಿ. ಅವನ ಮನೆ ನೀರೂ ನಂಗೆ ಬ್ಯಾಡ." ನಮ್ಮ ಮನೆಗೂ ಅವನ ಮನೆಗೂ ನಡುವೆ ನಾಲ್ಕು ಬೀದಿ ಅಷ್ಟೆ. ಒಂಬತ್ತು ಸಾವಿರ ಮೈಲಿ ದಾಟಿ ಬಂದವಳು ಆ ನಾಲ್ಕು ಬೀದಿ ದಾಟಲಾರಳು!

ಮಾವ ಹೊಸಿಲು ದಾಟಲಿಲ್ಲ. ಆದರೆ ದಿನಾ ಬೆಳಗ್ಗೆ ಬಾಗಿಲಲ್ಲಿ ಒಂದು ಚೀಲ ಇರುತ್ತಿತ್ತು. ಅದರಲ್ಲಿ ಬಾಣಂತಿಗೆ ಬೇಕಾದ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ, ತುಪ್ಪ ಕಾಯಿಸಲು ಬೆಣ್ಣೆ. ಚೀಲ ಇಟ್ಟು, ಬೆಲ್ ಒತ್ತಿ, ಓಡಿಹೋಗಿ ಪಾರ್ಕಿಂಗಿನಲ್ಲಿ ತನ್ನ ಕಾರಿನೊಳಗೆ ಕೂತುಬಿಡುತ್ತಿದ್ದ, ಸ್ಪೀಕರ್ ಆರಿಸಿಕೊಂಡು. ಆಗ ಅವನಿಗೆ ಕೆಲಸವೂ ಇರಲಿಲ್ಲ. ನಾನು ಮಗುವನ್ನು ಬಾಲ್ಕನಿಗೆ ತಂದು ತೋರಿಸಿದರೆ ಕಿಟಕಿಯಿಂದ ಕೈ ಆಡಿಸುತ್ತಿದ್ದ. ಅಮ್ಮ ಚೀಲ ಒಳಗೆ ತಂದು, ಸೊಪ್ಪು ಬಿಡಿಸಿ, ಬೆಣ್ಣೆ ಕಾಯಿಸುತ್ತಿದ್ದಳು. ಮನೆಯೆಲ್ಲ ತುಪ್ಪದ ಘಮ. ನಾನು ಒಮ್ಮೆ ಕೆಣಕಿದೆ, "ಅವನು ತಂದಿದ್ದು ಆಗತ್ತಾ ನಿಂಗೆ?"

"ಸೊಪ್ಪೇನ್ ಮಾಡಿತ್ತೇ ಪಾಪ" ಎಂದಳು ಅಮ್ಮ.

ನನ್ನ ಮಗಳು ಆ ದಿನಗಳಲ್ಲಿ ಅಳುವುದನ್ನು ಒಂದು ಉದ್ಯೋಗವಾಗಿ ಹಿಡಿದಿದ್ದಳು. ಬಜೆ ತೇಯ್ದು ನೆಕ್ಕಿಸಿದ್ದಾಯಿತು, ಡಾಕ್ಟರ ಹನಿ ಹಾಕಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ನನ್ನ ಗಂಡ ಆಫೀಸಿನಲ್ಲಿ ತುಂಬ ಕೆಲಸ ಎನ್ನುತ್ತಿದ್ದ. ಅಳು ಕೇಳಿಸದ ಕಡೆ ಕೆಲಸ ಜಾಸ್ತಿ ಇರುವುದು ಸಹಜ ತಾನೇ?

ಅಂದು ಬೆಳಗ್ಗೆ ಅಮ್ಮ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ರಜೆ ಸಿಗ್ಲಿಲ್ಲ ಅಂದ್ರೆ ಅವನೇನು ಮಾಡ್ತಾನೆ ಅಮ್ಮ? ಮಣ್ಣಿಗೆ ಬರ್ಲಿಲ್ಲ ಅಂತ ಇಷ್ಟು ವರ್ಷ ಸಿಟ್ಟಾ?"

ಅಮ್ಮನ ಕೈ ನಿಂತಿತು. "ಮಣ್ಣಿಗೆ ಬರ್ನಿಲ್ಲ ಅಂತ ಯಾರೇ ಸಿಟ್ ಮಾಡ್ಕಂಡೋರು? ದೂರದಲ್ಲಿದ್ದ ಮಗ, ಗೊತ್ತಿಲ್ವಾ ನಂಗೆ? ಮೂರನೇ ದಿನ ಅಪ್ಪನ ಮಣ್ಣಿನ ಗುಡ್ಡೆ ಮ್ಯಾಲೆ ಹಾಲು ತುಪ್ಪ ಬುಟ್ಟು ಬಂದು ಕೂತಿದ್ದೆ. ಎದುರು ಅಂಗಡಿಗೆ ಅವನ ಫೋನು ಬಂತು. ಓಡೋಗಿ ತಕ್ಕಂಡೆ. ಎಲ್ಲಿದ್ದೀಯಪ್ಪಾ, ಏನ್ ಮಾಡ್ತಿದ್ದೆ, ಉಂಡ್ಯಾ ಅಂದೆ. ಏನಂದ ಗೊತ್ತಾ? 'ಕುಣಿತಿದ್ದೆ ಕಣಕ್ಕ' ಅಂದ. ಅಪ್ಪನ ಮಣ್ಣು ಇನ್ನೂ ಹಸಿ ಇತ್ತು ಕಣೇ. ಫೋನ್ ಮಡಗ್ಬುಟ್ಟೆ."

ಬಾಲ! ಅಂದೂ ಅವನು ಬಾಲದಿಂದಲೇ ಶುರುಮಾಡಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಭಾನುವಾರವೂ ಅಮ್ಮ ಫೋನು ಇಟ್ಟ ದಿನವೂ ಒಂದೇ ಇರಬೇಕಲ್ಲವೇ? "ಅಮ್ಮ, ಇಲ್ಕೇಳು" ಎಂದೆ. "ಅವನ ಮಾತು ಸಾಕು, ಕೂಸಿಗೆ ಸೀತ ಆಯ್ತದೆ" ಎಂದು ಅಮ್ಮ ಎದ್ದಳು.

ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಆಗಬೇಕಲ್ಲ. ಕರೆಂಟಿನ ಒಲೆಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಅಮ್ಮ ನನ್ನ ಗಂಡನ ಬಾರ್ಬೆಕ್ಯೂವಿನಲ್ಲಿ ಕೆಂಡ ಮಾಡಿಕೊಳ್ಳುವುದನ್ನು ಬಂದ ವಾರವೇ ಕಂಡುಕೊಂಡಿದ್ದಳು. ದಿನಾ ಬಾಲ್ಕನಿಯಲ್ಲೇ ಹೊಗೆ ಹಾಕುತ್ತಿದ್ದವಳು, ಅಂದು ಹೊರಗೆ ಗಾಳಿ ಜೋರಾಗಿದೆ ಎಂದು ಕೆಂಡದ ತಟ್ಟೆಯನ್ನು ಹಜಾರಕ್ಕೆ ತಂದು, ಸಿಟ್ಟಿನ ಭರದಲ್ಲಿ ಒಂದು ಚಿಟಿಕೆಯ ಬದಲು ಒಂದು ಹಿಡಿ ಸಾಂಬ್ರಾಣಿ ಸುರಿದಳು. ನಾನು ಬೇಡ ಬೇಡ ಎನ್ನುವುದರೊಳಗೆ ಕೋಣೆ ಮಾಯವಾಯಿತು. ಮರುಕ್ಷಣ ಸೂರಿನಲ್ಲಿದ್ದ ಅಲಾರಮ್ಮು ಕಿರುಚಿತು. ಅದರ ಜೊತೆ ಇಡೀ ಕಟ್ಟಡದ ಅಲಾರಮ್ಮುಗಳೂ ಕಿರುಚಿದವು. ಇನ್ನು ಯಾರ ಅಪ್ಪಣೆಗೂ ಕಾಯುವ ಹಾಗಿಲ್ಲ, ಎಲ್ಲರೂ ಕೆಳಗಿಳಿಯಲೇಬೇಕು. ಚೀನಾದ ಅಜ್ಜ, ಮೆಕ್ಸಿಕೋದ ದಂಪತಿ, ಟವೆಲ್ಲಿನಲ್ಲಿದ್ದ ಒಬ್ಬ ಪ್ರೊಗ್ರಾಮರ್ರು, ಎಲ್ಲರೂ ಪಾರ್ಕಿಂಗಿನಲ್ಲಿ. ಅವರ ನಡುವೆ ತಲೆಗೆ ಮಫ್ಲರ್ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡ ನಾನು. ಅಮ್ಮನ ಕೈಯಲ್ಲಿ ಮುಗಿಲು ಹರಿಯುವಂತೆ ಅಳುವ ಕೂಸು. ಫೈರ್ ಇಂಜಿನ್ನು ಗಂಟೆ ಬಾರಿಸುತ್ತ ಬಂದೇಬಿಟ್ಟಿತು!

ಸಮುದ್ರದ ಕಡೆಯಿಂದ ಗಾಳಿ ರೊಯ್ಯನೆ ಬೀಸುತ್ತಿತ್ತು. ಹಸಿ ಬಾಣಂತಿ, ತಲೆಗೆ ನೀರು ಹಾಕಿಕೊಂಡು ಬಂದ ಕೂಸು, ಇಬ್ಬರೂ ಗಾಳಿಯಲ್ಲಿ! ಅಮ್ಮನ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಅವಳು ಸುತ್ತ ನೋಡಿದಳು. ಬಾಗಿಲು ತೆರೆದುಕೊಂಡು ನಿಂತಿದ್ದದ್ದು ಒಂದೇ ಕಾರು. ಅದರ ಪಕ್ಕದಲ್ಲಿ ಮಾವ ಕೈಕಟ್ಟಿಕೊಂಡು, ನೆಲ ನೋಡುತ್ತ ನಿಂತಿದ್ದ. ಬನ್ನಿ ಎನ್ನಲೂ ಅವನಿಗೆ ಧೈರ್ಯವಿರಲಿಲ್ಲ.

ಅಮ್ಮ ನನ್ನನ್ನು ಹಿಂದಿನ ಸೀಟಿಗೆ ನೂಕಿದಳು. ಕೂಸನ್ನು ಕೊಡು ಎಂದು ನಾನು ಕೈಚಾಚಿದೆ. ಕೊಟ್ಟರೆ ತಾನು ಹೊರಗೆ ನಿಲ್ಲಬಹುದಿತ್ತು. ಆದರೆ ಅಳುವ ಕೂಸನ್ನು ಬೇರೆಯವರ ಕೈಗೆ ಕೊಡುವುದು ಅಮ್ಮನ ಜಾತಕದಲ್ಲೇ ಇಲ್ಲ. ಹೆತ್ತವಳಾದ ನಾನೂ ಆ ಲೆಕ್ಕದಲ್ಲಿ ಬೇರೆಯವಳೇ! ಬಿಗಿದ ಮುಖದಲ್ಲೇ ಬಂದು ನನ್ನ ಪಕ್ಕ ಕೂತಳು. ಮಾವ ಮುಂದೆ ಕೂತು ಹೀಟರ್ ಹಾಕೋಣವೆಂದು ಕೀಲಿ ತಿರುಗಿಸಿದ.

ಇಂಜಿನ್ನಿನ ಜೊತೆಗೇ ಕ್ಯಾಸೆಟ್ಟೂ ಶುರುವಾಯಿತು. ಧಪ್ ಧಪ್ ಧಪ್ ಧಪ್! ನಮ್ಮ ಬೆನ್ನ ಹಿಂದೆಯೇ ಡಿಕ್ಕಿ, ಸೀಟೆಲ್ಲ ಅದುರಿತು. ಮಾವ "ಅಯ್ಯೋ" ಎಂದು ಆರಿಸಲು ಹೋದವನು ಕನ್ನಡಿಯಲ್ಲಿ ನೋಡಿ ಕೈ ತಡೆದ. ಕೂಸು ಅಳು ನಿಲ್ಲಿಸಿತ್ತು. ಅವನು ಆರಿಸಿದ, ಕೂಸು ಕಿರುಚಿತು. ಮತ್ತೆ ಹಾಕಿದ, ಕೂಸು ಗಪ್‌ಚಿಪ್. ಬಜೆಗೂ ಡಾಕ್ಟರಿಗೂ ಬಗ್ಗದವಳು ಕಣ್ಣು ಅರೆಮುಚ್ಚಿ, ಬಾಯಿ ಚಪ್ಪರಿಸಿ, ಅಮ್ಮನ ಮಡಿಲಲ್ಲಿ ಹಗುರವಾಗಿ ಬಿದ್ದುಕೊಂಡಳು. ಇನ್ನು ಆರಿಸುವ ಮಾತೇ ಇಲ್ಲ. ಕಾರಿನಲ್ಲಿ ಆ ಸದ್ದು ಮಾತ್ರ.

ನಾನು ಅಮ್ಮನನ್ನು ನೋಡಿದೆ. ಅವಳು ಮಾವನ ಬೆನ್ನನ್ನು ನೋಡುತ್ತಿದ್ದಳು. ಆಮೇಲೆ ಬಾಗಿಲ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡಳು. ಕೈ ಕೆಳಗೆ ಬಾಗಿಲು ಮಿಲ್ಲಿನ ಗೋಡೆಯ ಹಾಗೆ ಅದುರುತ್ತಿತ್ತು. ಅವಳ ಕಾಲು ಅವಳಿಗೇ ತಿಳಿಯದಂತೆ ಆ ಲಯಕ್ಕೆ ಕೂಸನ್ನು ತೂಗತೊಡಗಿತ್ತು. ಅಷ್ಟರಲ್ಲಿ ಕೂಂಯ್‌ಯ್ ಎಂದು ಮೇಲೆದ್ದಿತು. ಏರಿತು, ಇನ್ನೂ ಏರಿತು.

"ರಾಳ ಹಾಕ್ಲಾ! ಬೆಲ್ಟು ಜಾರ್ತಾ ಅದೆ!"

ಕೂಗಿದ್ದು ಅಮ್ಮ. ಧ್ವನಿ ತಾತನದೇ. ಕೂಗಿಬಿಟ್ಟ ಮೇಲೆ ಅವಳೇ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ತಿರುಗಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ ಇದ್ದ. ಅವನ ಭುಜ ಅಲುಗುತ್ತಿತ್ತು. ಅದು ಸ್ಪೀಕರಿಗಲ್ಲ ಎಂದು ನನಗೂ ತಿಳಿಯಿತು.

"ಅಕ್ಕ" ಎಂದ. "ಅವತ್ತು ಭಾನುವಾರ. ಊರಲ್ಲಿ ನೀವೆಲ್ಲ ಅಪ್ಪಂಗೆ ಹಾಲು ತುಪ್ಪ ಬುಡೋ ದಿನ. ಇಲ್ಲಿ ನಾನೊಬ್ನೇ ಏನ್ ಮಾಡ್ಲಿ ಅನ್ಕಂಡು, ಹಾಲು ತರಾನ ಅಂತ ಹೊಂಟೆ."

ನನ್ನ ಮಾವ ಜೀವಮಾನದಲ್ಲಿ ಮೊದಲ ಸಲ ಒಂದು ಕಥೆಯನ್ನು ತಲೆಯಿಂದ ಶುರುಮಾಡಿದ್ದ.

"ಹಾಲೇನೋ ತಕ್ಕಂಡೆ. ಬುಡೋದೆಲ್ಲಿ? ಮಣ್ಣಿಲ್ಲ, ಗುಡ್ಡೆ ಇಲ್ಲ, ನಮ್ಮೋರು ಯಾರೂ ಇಲ್ಲ. ಬಾಟ್ಲಿ ಹಿಡ್ಕಂಡು ಕಾಲುವೆ ಪಕ್ಕ ಸುಮ್ನೆ ತಿರುಗ್ತಿದ್ದೆ. ಆಗ ಈ ಸದ್ದು ಕೇಳ್ತು. ಅಪ್ಪನೇ ಬಂದು ಮಿಲ್ ಓಡುಸ್ತಾವ್ನೆ ಅನ್ನುಸ್ತು ಕಣಕ್ಕ. ಒಳೀಕೋದೆ. ಅಳಾನ ಅಂದ್ರೆ ಅಳು ಬರ್ನಿಲ್ಲ. ಹಾಲು ತಲೆ ಮ್ಯಾಲ್ ಮಡಿಕಂಡು, ಕುಣೀತಾ ಕುಣೀತಾ ಆ ಸದ್ದು ಎಲ್ಲಿಂದ ಬತ್ತಿತ್ತೋ ಅದ್ರ ಮುಂದೆ ಹೋಗಿ, ಅಲ್ಲೇ ನೆಲಕ್ಕೆ ಬುಟ್ಟೆ. ಎಲ್ಲ ಬಂದು ತಬ್ಕಂಡ್ರು. ಅವ್ರಿಗೇನೂ ಗೊತ್ತಿರ್ನಿಲ್ಲ. ಆದ್ರೂ ತಬ್ಕಂಡ್ರು."

ಹಾಲು ನೆಲಕ್ಕೆ ಹೋಯ್ತು ಎಂದಿದ್ದ. ಸತ್ಯವಂತ ನಮ್ಮ ಮಾವ, ಅಂದೂ ಸುಳ್ಳು ಹೇಳಿರಲಿಲ್ಲ.

ಹೊಗೆ ಮಾತ್ರ, ಬೆಂಕಿ ಇಲ್ಲ, ಎಲ್ಲರೂ ಒಳಗೆ ಹೋಗಬಹುದು ಎಂದು ಫೈರ್ ಇಂಜಿನ್ನಿನವನು ಕಿಟಕಿ ತಟ್ಟಿ ಹೇಳಿ ಹೋದ. ಯಾರೂ ಏಳಲಿಲ್ಲ. ಕೂಸು ಗಾಢ ನಿದ್ದೆಯಲ್ಲಿತ್ತು. ಅಮ್ಮ ಮೂಗೊರೆಸಿಕೊಂಡು, ಗದರಿಸುವ ದನಿಯಲ್ಲೇ ಕೇಳಿದಳು.

"ಹಾಲು ಬುಟ್ಟೆ, ಸರಿ. ತುಪ್ಪ?"

"ಆ ಊರಲ್ಲಿ ತುಪ್ಪ ಎಲ್ ಸಿಗ್ತದಕ್ಕ?"

ಅಮ್ಮ ಕಾರಿನ ಬಾಗಿಲು ತೆಗೆದಳು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಮನೇಲಿ ಕಾಸಿಟ್ಟಿವ್ನಿ. ಬಾ, ಉಣ್ಣುವಂತೆ."